ಎರಡನೆಯ ಸಹಿ

"ಬೋಲ್ಟು ಮುರಿದಿಲ್ಲ ಸಾರ್. ತಾನಾಗೇ ಕಳಚ್ಕೊಂಡಿದೆ," ಎಂದಳು ತನಿಖಾಧಿಕಾರಿ, ವಿಮಾನದ ಬಾಲದೊಳಗಿನ ಸರಳಿಗೆ ಟಾರ್ಚು ಹಿಡಿದು. ಬೋಲ್ಟು ಕೂರುವ ರಂಧ್ರದ ಅಂಚು ಒಂದಿಷ್ಟೂ ಹರಿದಿರಲಿಲ್ಲ. ನಟ್ಟು ಸಡಿಲವಾಗದಂತೆ ತಡೆಯುವ ಸಣ್ಣದೊಂದು ಪಿನ್ನನ್ನು ಯಾರೂ ಹಾಕಿರಲಿಲ್ಲ. ಅಷ್ಟಕ್ಕೇ ನೂರಾ ಹನ್ನೊಂದು ಜನ ಸಮುದ್ರದ ಪಾಲಾಗಿದ್ದರು.

ನೀರಿನಿಂದ ಎತ್ತಿದ ಚೂರುಗಳನ್ನೆಲ್ಲ ಶೆಡ್ಡಿನ ನೆಲದ ಮೇಲೆ ಅದರದರ ಜಾಗದಲ್ಲಿ ಹರಡಿದ್ದರು. ಮೂರು ತಿಂಗಳಿಂದ ಅವಳಿಗೆ ಅದೇ ಮನೆಯಾಗಿಹೋಗಿತ್ತು.

ತನಿಖೆಯ ಮುಖ್ಯಸ್ಥರು ಆ ಬಾಲದ ಕೊನೆಯ ರಿಪೇರಿಯ ಹಾಳೆ ತಂದುಕೊಟ್ಟರು. "ಮೊದಲ್ನೇದು ಕೆಲಸ ಮಾಡಿದವನ ಸಹಿ, ಎರಡನೇದು ಪರೀಕ್ಷೆ ಮಾಡಿದವನದು. ಯಾರದೋ ಏನೋ, ಕಾಗೆ ಕಾಲು ಗುಬ್ಬಿ ಕಾಲು!"

ಎರಡನೆಯದು ಯಾರದೆಂದು ಅವಳಿಗೆ ಗೊತ್ತಾಯಿತು. ಕೊನೆಯ ಅಕ್ಷರದಿಂದ ಹಿಂದಕ್ಕೆಳೆದ ಆ ಗೆರೆ! ಹೈಸ್ಕೂಲಿನ ಅರ್ಜಿಗೆ ಸಹಿ ಹಾಕುವುದನ್ನು ತಮ್ಮನಿಗೆ ಕಲಿಸಿದವಳೇ ಅವಳು. ಅವನು ಆ ರಿಪೇರಿ ನಡೆದ ವರ್ಕ್‌ಶಾಪಿನವನೇ. ಆದರೆ, "ಆ ವಾರ ಪೂರ್ತಿ ನಾನು ರಜೆ ಕಣಕ್ಕಾ," ಎಂದಿದ್ದ. ರಜೆಯ ಪುಸ್ತಕದಲ್ಲೂ ಹಾಗೇ ಇತ್ತು. ಅದನ್ನು ನಂಬಿಯೇ ಅವಳು ಈ ತನಿಖೆಗೆ ಸೇರಿದ್ದಳು.

ಹೊರಗೆ ಬಂದು, ಉರಿಬಿಸಿಲಲ್ಲಿ ನಿಂತು ತಮ್ಮನಿಗೆ ಫೋನ್ ಮಾಡಿದಳು.

"ಪಿನ್ನು ನೋಡಿದ್ಯೇನೋ?"

ಯಾವ ಪಿನ್ನು ಎಂದು ಅವನು ಕೇಳಲಿಲ್ಲ.

"ರಜೆ ಇದ್ರೂ ಬದಲಿ ಡ್ಯೂಟಿಗೆ ಕರೆದ್ರು ಅಕ್ಕಾ. ನಾನು ಹೋಗೋಷ್ಟರಲ್ಲಿ ಏಣಿ ತೆಗೆದ್ಬಿಟ್ಟಿದ್ರು. ಎಲ್ಲಾ ಹಾಕಿದೀನಿ ಅಂದ ಮೆಕ್ಯಾನಿಕ್ಕು. ಹತ್ತಿ ನೋಡ್ದೇನೇ ಸಹಿ ಮಾಡ್ದೆ."

"ಮೂರು ತಿಂಗಳಿಂದ ನನ್ನ ಎದುರಿಗೇ ಕೂತು ಊಟ ಮಾಡ್ತಿದ್ಯಲ್ಲೋ..."

"ದಿನಾ ಹೇಳ್ಬೇಕು ಅಂತಾನೇ ಕೂರ್ತಿದ್ದೆ. ಬಾಯೇ ಬರ್ಲಿಲ್ಲ." ಅವನು ಮಗುವಿನ ಹಾಗೆ ಅಳತೊಡಗಿದ. "ಅಕ್ಕಾ, ಈಗೇನ್ ಮಾಡ್ತೀಯಾ?"

ಅವಳು ಫೋನಿಟ್ಟಳು.

ಒಳಗೆ ಬಂದು ಹಾಳೆಯ ಮೇಲೆ ಬೆರಳಿಟ್ಟು, "ಇದು ನನ್ನ ತಮ್ಮಂದು ಸಾರ್. ಈಗಷ್ಟೇ ಒಪ್ಕೊಂಡ," ಎಂದಳು. ಮುಖ್ಯಸ್ಥರು ಕುರ್ಚಿ ಹಿಡಿದುಕೊಂಡು ಮೆಲ್ಲಗೆ ಕೂತರು.

"ಒಂದು ದಿನ ತಡಿಯಮ್ಮ. ಅವನಾಗೇ ಬಂದು ಹೇಳ್ಲಿ."

"ಬೇಡ ಸಾರ್. ನನ್ನ ಹೇಳಿಕೆ ಈಗ್ಲೇ ಬರ್ಕೊಳ್ಳಿ. ಈ ತನಿಖೆಯಿಂದ ನನ್ನ ಬಿಟ್ಬಿಡಿ."

ಹೇಳಿಕೆ ಮುಗಿಯುವ ಹೊತ್ತಿಗೆ ಬಾಗಿಲಿಗೆ ಲಾರಿಯೊಂದು ಬಂತು. ಇಬ್ಬರು ಕೂಲಿಯವರು ಬಾಗಿದ ತಗಡೊಂದನ್ನು ಇಳಿಸಿ ಹೊತ್ತುತಂದರು. ಅದರಿಂದ ಉಪ್ಪುನೀರು ಇನ್ನೂ ತೊಟ್ಟಿಕ್ಕುತ್ತಿತ್ತು.

"ಇದನ್ನ ಎಲ್ಲಿಡೋದು ಮೇಡಂ?"

ಅವಳು ಮುಖ್ಯಸ್ಥರ ಕಡೆ ಕೈ ತೋರಿಸಿದಳು.