ಕುಂಕುಮ ಹಚ್ಚಿದ ಕೀಲು

ಸಾಫ್ಟ್‌ವೇರ್ ಎಂದರೆ ಸಾಕು, ಮೌನಪ್ಪ ಮೂಗು ಮುರಿಯುತ್ತಿದ್ದ. ಹೈದರಾಬಾದಿನ ಹೊರವಲಯದ ಒಣ ಬಯಲಲ್ಲಿದ್ದ ಆ ವಿಮಾನ ಹಾರಿಸಲು ಕಲಿಸುವ ಶಾಲೆಯನ್ನು, ನಗರದಲ್ಲಿ ಗಾಜಿನ ಕಟ್ಟಡಗಳು ಎದ್ದ ವರ್ಷಗಳಲ್ಲಿ, ಒಬ್ಬ ಸಾಫ್ಟ್‌ವೇರ್ ಕಂಪನಿ ಮಾಲೀಕ ಶೋಕಿಗೆಂದು ಕೊಂಡಿದ್ದ. ಉಸ್ತುವಾರಿಗೆ ಅಳಿಯ ಸಾಯಿಕುಮಾರನನ್ನು ಕೂರಿಸಿದ. ಅಳಿಯ ಬಂದವನೇ ಆಫೀಸಿಗೆ ಎ.ಸಿ. ಹಾಕಿಸಿದ, ಮೂರೂ ವಿಮಾನಗಳಿಗೆ ಹೊಳೆಯುವ ಬಣ್ಣ ಬಳಿಸಿದ. ಅವುಗಳ ಹೊಟ್ಟೆಯೊಳಗೆ ಮಾತ್ರ ಒಮ್ಮೆಯೂ ಇಣುಕಲಿಲ್ಲ. ಮೇಲೆ ಥಳಕು, ಒಳಗೆ ಹುಳುಕು ಎಂದು ಮೆಕ್ಯಾನಿಕ್ ಮೌನಪ್ಪ ದಿನಕ್ಕೆ ಹತ್ತು ಸಲ ಗೊಣಗುತ್ತಿದ್ದ.

ಆ ಶನಿವಾರ ಸಂಜೆ ನಾಲ್ಕಕ್ಕೆ ನಲಿನಿ ಮೊದಲ ಸಲ ಒಬ್ಬಳೇ ಹಾರುವವಳಿದ್ದಳು. ನಾರಾಯಣಗೂಡದ ಹುಡುಗಿ, ಮನೆಮಾತು ಕನ್ನಡ, ವಾರವೆಲ್ಲ ಕಂಪ್ಯೂಟರಿನ ಮುಂದೆ ದುಡಿಮೆ. ಸಾಫ್ಟ್‌ವೇರಿನವರಲ್ಲಿ ಇವಳೊಬ್ಬಳನ್ನು ಮಾತ್ರ ಮೌನಪ್ಪ ಕ್ಷಮಿಸಿದ್ದ. ಇವಳು ಅವನನ್ನು ಕಾಕಾ ಎನ್ನುತ್ತಿದ್ದಳು. ಹತ್ತುವ ಮುಂಚೆ ರೆಕ್ಕೆಯ ಹಿಂದಿನ ಪಟ್ಟಿಯನ್ನು ಕೈಯಾರೆ ಅಲುಗಾಡಿಸಿ ನೋಡುತ್ತಿದ್ದಳು. ಆ ಬೆಳಿಗ್ಗೆಯೂ ಬಂದು ಅವಳು ಹಾಗೆ ಅಲುಗಾಡಿಸಿದಾಗಲೇ ಒಳಗೆ ಕಟಕಟ ಎಂದದ್ದು.

ಪೈಲಟ್ ಕೈಯಲ್ಲಿನ ಹಿಡಿಕೆ ತಿರುವಿದರೆ ಆ ಪಟ್ಟಿ ಏಳಬೇಕು, ಇಳಿಯಬೇಕು. ನಡುವೆ ಉದ್ದನೆಯ ಸರಳು, ಸರಳಿನ ತುದಿಗೆ ಉಂಗುರದಂಥ ಕೀಲು. ಕೀಲು ಸವೆದು ಸಡಿಲಾಗಿ ಮೇಲೆಲ್ಲೋ ಕಳಚಿತೋ, ಹಾರುವವರ ಕಥೆ ಮುಗಿದಂತೆ. ಮೌನಪ್ಪ ಸವೆದದ್ದನ್ನು ಬಿಚ್ಚಿಟ್ಟು ಹೊಸದು ಕೇಳಿದ. ಸಾಯಿಕುಮಾರ ಮೊಹರು ಹಾಕಿದ ಪೊಟ್ಟಣವೊಂದನ್ನು ತಾನೇ ತಂದುಕೊಟ್ಟು, ಮಾವನವರು ಅತಿಥಿಗಳೊಂದಿಗೆ ಬರುತ್ತಾರೆ, ಬೇಗ ಸಹಿ ಹಾಕು ಎಂದು ತೆಲುಗಿನಲ್ಲಿ ಅವಸರಿಸಿದ.

ಪೊಟ್ಟಣ ಹರಿದು, ಥಳಥಳಿಸುವ ಕೀಲನ್ನು ಸರಳಿಗೆ ತಿರುವತೊಡಗಿದಾಗ ತಿರುಪಿನ ಸಂದಿಯಿಂದ ಕೆಂಪಗೆ ಏನೋ ಒಸರಿತು. ತುಕ್ಕಿರಬೇಕೆಂದು ಮೌನಪ್ಪ ಬೆರಳಿನಿಂದ ತಿಕ್ಕಿದ. ತುಕ್ಕಾದರೆ ತರಿತರಿ, ಇದು ನುಣ್ಣಗಿತ್ತು. ಮೂಗಿಗೆ ಹಿಡಿದ. ಎಣ್ಣೆಯಲ್ಲಿ ಕಲಸಿದ ಕುಂಕುಮ.

ಅದನ್ನು ಹಚ್ಚಿದವನು ಅವನೇ. ತಿಂಥಣಿ ಕಡೆಯ ಕಮ್ಮಾರರ ಮನೆಯವನು ಮೌನಪ್ಪ. ಅನ್ನ ಕೊಟ್ಟ ಕಬ್ಬಿಣವನ್ನು ಕಡಿಯಬಾರದು ಎಂಬುದು ಅಜ್ಜನ ಕಟ್ಟಪ್ಪಣೆ. ಶಾಲೆಯ ನಿಯಮ ಅದಕ್ಕೆ ತದ್ವಿರುದ್ಧ: ಬಿಚ್ಚಿದ ಭಾಗವನ್ನು ಗರಗಸದಿಂದ ಎರಡು ತುಂಡು ಮಾಡಿಯೇ ಎಸೆಯಬೇಕು. ಮೌನಪ್ಪ ದಾಖಲೆ ಪುಸ್ತಕದಲ್ಲಿ ‘ತುಂಡು ಮಾಡಿದೆ’ ಎಂದು ಬರೆದು, ಇಡೀ ಕೀಲನ್ನು ತಗಡಿನ ಡಬ್ಬಿಯಲ್ಲಿ ಜೋಪಾನ ಮಾಡುತ್ತಿದ್ದ. ಆಯುಧಪೂಜೆಯ ದಿನ ಅವನ್ನೆಲ್ಲ ನಟ್ಟು ಬಿಗಿಯುವ ಪಾನಾಗಳ ಪಕ್ಕ ಸಾಲಾಗಿಟ್ಟು, ಕುಂಕುಮ ಹಚ್ಚಿ ಕೈಮುಗಿಯುತ್ತಿದ್ದ.

ಓಡಿಹೋಗಿ ಡಬ್ಬಿ ತೆರೆದ. ಒಣಗಿದ ಚೆಂಡುಹೂ ಬಿಟ್ಟರೆ ಏನೂ ಇರಲಿಲ್ಲ. ಒಂಬತ್ತು ಕೀಲುಗಳಿರಬೇಕಿತ್ತು.

ಹೋಗಿ ಕೇಳಿದರೆ ಸಾಯಿಕುಮಾರನಿಗೆ ಮುಚ್ಚಿಡುವಷ್ಟು ನಾಚಿಕೆಯೂ ಇರಲಿಲ್ಲ. ಬಾಯಲ್ಲಿ ಸೋಂಪು ಜಗಿಯುತ್ತ, ಪಾಲಿಷ್ ಮಾಡಿಸಿ ಪೊಟ್ಟಣ ಕಟ್ಟಿಸಿದ್ದು ತಾನೇ ಎಂದ. ನೀನೇ ಪೂಜೆ ಮಾಡಿ ಇಟ್ಟಿದ್ದೆ, ಕೆಟ್ಟವಾಗಿದ್ದರೆ ಇಡುತ್ತಿದ್ದೆಯಾ ಎಂದು ನಕ್ಕ. ಆಮೇಲೆ ದನಿ ತಗ್ಗಿಸಿ, “ಪುಸ್ತಕದಲ್ಲಿ ಅವು ಸತ್ತುಹೋಗಿವೆ ಮೌನಪ್ಪ. ಕೊಂದವನು ನೀನೇ. ಇನ್ನು ಯಾರು ಕೇಳುತ್ತಾರೆ?” ಎಂದು ತೆಲುಗಿನಲ್ಲೇ ಅಂದ.

ಮೌನಪ್ಪನಿಗೆ ಆ ಸೋಂಪು ಜಗಿಯುವ ಮುಖಕ್ಕೆ ಉಗಿಯಬೇಕೆನಿಸಿತು. ಉಗಿಯುವ ಮುಂಚೆಯೇ ಇನ್ನೊಂದು ನೆನಪಾಯಿತು. ಎರಡು ತಿಂಗಳ ಹಿಂದೆ ಉಳಿದೆರಡು ವಿಮಾನಗಳಿಗೆ ಇಂಥವೇ ‘ಹೊಸ’ ಕೀಲುಗಳನ್ನು ಹಾಕಿದ್ದ. ಆಗಲೂ ಕೆಂಪು ಕಂಡಿತ್ತು. ತುಕ್ಕು ತಡೆಯುವ ಬಣ್ಣವೆಂದುಕೊಂಡು ಸಹಿ ಹಾಕಿದ್ದ. ಹೋದ ತಿಂಗಳೆಲ್ಲ ನಲಿನಿ ಕಲಿತದ್ದು ಅವುಗಳಲ್ಲೊಂದರಲ್ಲಿ. ಈಗ ಅವನಿಗೆ ಸಾಯಿಕುಮಾರನಿಗಿಂತ ತನ್ನ ಎರಡು ಕೈಗಳೇ ಹೇಸಿಗೆಯಾಗಿ ಕಂಡವು. ವಿಮಾನ ನಿಲ್ಲಿಸುವ ಹ್ಯಾಂಗರಿನ ಹಿಂದೆ ಹೋಗಿ, ಬೆಳಗಿನ ಚಹಾವನ್ನೆಲ್ಲ ಕಾರಿಕೊಂಡ.

ಬಾಯಿ ತೊಳೆದು ಬಂದು ಮೂರೂ ವಿಮಾನಗಳ ಪುಸ್ತಕದಲ್ಲಿ ‘ಹಾರಕೂಡದು’ ಎಂದು ಬರೆದ. ಸಾಯಿಕುಮಾರ ಕೆಲಸದಿಂದ ತೆಗೆಯುತ್ತೇನೆಂದು ಕೂಗಾಡಿ, ಮಾವನಿಗೆ ಫೋನ್ ಮಾಡಲು ಓಡಿದ. ಮೌನಪ್ಪ ಆ ಕೀಲನ್ನು ಸರಳಿನಿಂದ ಬಿಚ್ಚಿ, ಮೇಜಿನ ಅಂಚಿನ ವೈಸಿನ ದವಡೆಗೆ ಬಿಗಿದು, ಅಜ್ಜನ ಕಟ್ಟಪ್ಪಣೆ ಮೀರಿ ಗರಗಸ ಎಳೆದ. ಕುಂಕುಮ ಬೆರೆತ ಪುಡಿ ಮೇಜಿನ ಮೇಲೆ ಉದುರಿತು.

ನಾಲ್ಕಕ್ಕೆ ನಲಿನಿ ನಗುತ್ತ ಮತ್ತೆ ಬಂದಳು. ಮೌನಪ್ಪ ಎರಡು ಹೋಳನ್ನೂ ಅವಳ ಅಂಗೈಗಿಟ್ಟ.

“ಇವತ್ತ ಹಾರೂದು ಬ್ಯಾಡವ್ವ. ಹೋದ ತಿಂಗಳ ನೀ ಹಾರಿದ್ರಾಗೂ ಇಂಥಾದ್ದ ಇತ್ತು, ಸವದದ್ದು. ಕಡದೀನಿ ಅಂತ ಬರದು ಕಡೀಲಾರದ ಇಟ್ಟಾಂವ ನಾನು. ಹಾಕಿದಾಂವನೂ ನಾನ.”

ನಲಿನಿ ಹೋಳುಗಳನ್ನು ಮೇಜಿನ ಮೇಲಿಟ್ಟು, ಕೆಂಪಾದ ಅಂಗೈಯನ್ನು ಪ್ಯಾಂಟಿಗೆ ಒರೆಸಿದಳು. ಒಮ್ಮೆ ಅಲ್ಲ, ಮತ್ತೆ ಮತ್ತೆ.

“ಇನ್ನ ಎಷ್ಟ ಅದಾವ್ರಿ ಮೌನಪ್ಪನವರ?” ಎಂದು ಕೇಳಿದಳು.

ಕಾಕಾ ಎನ್ನಲಿಲ್ಲ. ಎಂಟು ಎಂದು ಹೇಳಿ, ಮೌನಪ್ಪ ಪಕ್ಕದ ವಿಮಾನದ ರೆಕ್ಕೆ ಬಿಚ್ಚಲು ಹೋದ.