ಕಾರ್ಕಳ ಬ್ರಾಂಚಿಗೆ ಒಂದು ಪಿ.ಪಿ. ಕಾಲ್

೧
ಎಲ್ಲಿಂದ ಶುರು ಮಾಡಲಿ? ಫೋನ್ ರಿಂಗಾಯಿತು ಎಂದು ಶುರು ಮಾಡಬಹುದು. ಆದರೆ ರಿಂಗಾದರೆ ಝೀಟಾ ಎತ್ತುತ್ತಾಳೆ. ಎತ್ತಿದರೆ ಎಲ್ಲ ಮುಗಿಯಿತು. ಹಾಗಾಗಿ ಓದುಗರೇ, ಸ್ವಲ್ಪ ಹೊತ್ತು ನನ್ನ ಪ್ಲಾನಿನ ಬಗ್ಗೆ ಕೊರೆಯುತ್ತೇನೆ, ಸಹಿಸಿಕೊಳ್ಳಿ.

೨
೧೯೭೮. ನಾನು ಉಡುಪಿಯ ಒಂದು ಹಂಚಿನ ಕಂಪೆನಿಯಲ್ಲಿ ಹೆಡ್ ಕ್ಲರ್ಕ್. ಮಣಿಪಾಲ, ಕಾಪು, ಕಾರ್ಕಳದಲ್ಲಿ ನಮ್ಮ ಬ್ರಾಂಚುಗಳು.

"ಕರುಣಾಕರ, ಲಾರಿ ಹೊರಟದ್ದು ಬ್ರಾಂಚಿನವರಿಗೆ ಗೊತ್ತಾಗಬೇಕು. ಆದರೆ ಟ್ರಂಕ್ ಕಾಲಿನಲ್ಲಿ ಪಟ್ಟಾಂಗ ಹೊಡೆದು ನನ್ನನ್ನು ಮುಳುಗಿಸಬೇಡಿ. ಎಂತಾದರೂ ಪ್ಲಾನ್ ಮಾಡಿ," ಎಂದರು ಧಣಿಗಳು.

ಮಾಡಿದೆ. ಪಿ.ಪಿ. ಕಾಲ್ ಅಂದರೆ ಇಂಥವರೇ ಬೇಕು ಎಂದು ಹೆಸರು ಹೇಳಿ ಬುಕ್ ಮಾಡುವ ಟ್ರಂಕ್ ಕಾಲ್. ಅವರು ಇಲ್ಲದಿದ್ದರೆ ಪೂರ್ತಿ ಚಾರ್ಜಿಲ್ಲ. ಸರಿ, ಲಾರಿ ಹೊರಟ ಕೂಡಲೇ ಬ್ರಾಂಚಿನ ಯಾರದಾದರೂ ಹೆಸರಿಗೆ ಬುಕ್ ಮಾಡುವುದು. ಕಾಲ್ ಬಂತೆಂದರೆ ಲಾರಿ ಹೊರಟಿತು ಎಂದೇ ಅರ್ಥ. ಅಲ್ಲಿ ಎತ್ತಿದವರು "ಇಲ್ಲ" ಎಂದು ಇಟ್ಟು, ಗೋಡೌನ್ ತೆರೆದು ಲಾರಿಗೆ ಕಾಯುವುದು. ಯಾರ ಹೆಸರು ಬಂದರೂ "ಇಲ್ಲ". ತನ್ನದೇ ಬಂದರೂ "ಇಲ್ಲ". (ಈ ಕೊನೆಯ ವಾಕ್ಯಕ್ಕೆ ಕೆಂಪು ಗೆರೆ ಎಳೆದವನು ನಾನೇ. ಎಂಥ ಬುದ್ಧಿವಂತ!) ಧಣಿಗಳು ನನ್ನ ಬೆನ್ನು ತಟ್ಟಿದರು.

೩
(ಹರಿದು ಹಾಕಿದೆ. ಅದರಲ್ಲಿ ಮಳೆ ಇತ್ತು, ಕಾರ್ಕಳದ ಬಂಡೆ ಇತ್ತು. ಝೀಟಾ ಇರಲಿಲ್ಲ.)

೪
ಝೀಟಾ ಕಾರ್ಕಳ ಬ್ರಾಂಚಿನ ಕ್ಲರ್ಕ್. ತಾಯಿ ಕಾಪುವಿನಲ್ಲಿ ಹಾಸಿಗೆ ಹಿಡಿದಿದ್ದರು. ಈ ವಾರ ಬರುತ್ತೇನೆ ಎಂದು ಝೀಟಾ ಹೇಳಿ ಕಳಿಸಿದ್ದಳು. ಮಂಗಳವಾರ ಹನ್ನೊಂದು ಗಂಟೆಗೆ ತಾಯಿಗೆ ಕಾಯಿಲೆ ಜೋರಾಯಿತು. ತಮ್ಮ ಆಂಟನಿ ನಮ್ಮ ಕಾಪು ಬ್ರಾಂಚಿಗೆ ಓಡಿ, ಅಕ್ಕನೇ ಸಿಗಲಿ ಎಂದು ಅವಳ ಹೆಸರಿಗೇ ಪಿ.ಪಿ. ಬುಕ್ ಮಾಡಿಸಿದ. ಕಾಪುವಿನ ಕಾಲೂ ಉಡುಪಿಯ ಎಕ್ಸ್‌ಚೇಂಜಿನ ಮೇಲೆಯೇ ಹೋಗುವುದು. ಅದು ನನ್ನ ತಲೆಗೆ ಹೊಳೆದಿರಲಿಲ್ಲ.

"ಉಡುಪಿಯಿಂದ ಪಿ.ಪಿ. ಕಾಲ್. ಝೀಟಾ ಇದ್ದಾರಾ?" ಎಂದು ಆಪರೇಟರ್ ಕೇಳಿದಳು.

"ಝೀಟಾ ಇಲ್ಲ," ಎಂದಳು ಝೀಟಾ.

ಇಟ್ಟಳು. ಗೋಡೌನ್ ತೆರೆದಳು. ಬಾರದ ಲಾರಿಗೆ ಐದು ಗಂಟೆಯವರೆಗೆ ಕಾದಳು.

ನಮ್ಮ ಪ್ಲಾನಿನ ಸುದ್ದಿಯೇ ತಿಳಿಯದ ಆಂಟನಿ, ಆಫೀಸಿನಲ್ಲಿಲ್ಲ ಅಂದರೆ ಅಕ್ಕ ಹೊರಟಿರಬೇಕು ಎಂದುಕೊಂಡು ಬ್ರಾಂಚಿನಲ್ಲಿ ಯಾರನ್ನೂ ಕೇಳದೆ ಮನೆಗೆ ಓಡಿದ. ತಾಯಿಗೆ ಹಾಗೆಯೇ ಹೇಳಿದ. ಕಾರ್ಕಳದ ಬಸ್ಸು ಬೆಳ್ಮಣ್ ದಾಟಿತಾ, ದಾಟಿತಾ ಎಂದು ಅವರು ನಾಲ್ಕು ಸಲ ಕೇಳಿದರಂತೆ. ನಾಲ್ಕು ಗಂಟೆಗೆ ತೀರಿಕೊಂಡರು.

೫
ಬೇರೆ ಅಂತ್ಯ: ಆ ದಿನ ಲೈನ್ ಕೆಟ್ಟಿತ್ತು. ಕಾಲ್ ಸಿಗಲೇ ಇಲ್ಲ. ಯಾರ ತಪ್ಪೂ ಇಲ್ಲ.

"ಎಂತ ಕರುಣಾಕರಣ್ಣ!" ಹಾಳೆಯೊಳಗಿನಿಂದಲೇ ಝೀಟಾ ಜೋರು ಮಾಡಿದಳು. "ಅಷ್ಟು ಕ್ಲಿಯರ್ ಲೈನ್ ನಾನು ಬೇರೆ ಯಾವ ದಿನವೂ ಕೇಳಿದ್ದಿಲ್ಲ."

"ಹಾಗಾದರೆ ಗೋಡೌನಿನ ಕಿಟ್ಟ ಫೋನ್ ಎತ್ತಿದ ಎಂದು ಬರೆಯುತ್ತೇನೆ."

"ಪಾಪದವನ ತಲೆಗೆ ಕಟ್ಟಬೇಡಿ ಮಾರಾಯ್ರೆ. ಹೇಳಿದ್ದು ನನ್ನ ಬಾಯಿ."

"ಹೇಳಿಸಿದ್ದು ನನ್ನ ಪ್ಲಾನ್, ಝೀಟಾಬಾಯಿ."

ಅವಳು ಅಲ್ಲವೆನ್ನಲಿಲ್ಲ. ("ನಿಮ್ಮದೆಂತ ತಪ್ಪುಂಟು, ಬಿಡಿ" ಎಂಬ ಒಂದು ಮಾತು ಅವಳಿಂದ ಆಡಿಸಲು ಮೂರು ಡ್ರಾಫ್ಟ್ ಹಾಳು ಮಾಡಿದ್ದೇನೆ. ಹೇಳುವುದೇ ಇಲ್ಲ.)

೬
ಎಂಟನೆಯ ದಿನ ಅವಳು ಕೆಲಸಕ್ಕೆ ಬಂದಳು. ಪ್ಲಾನ್ ನಿಲ್ಲಲಿಲ್ಲ. ನಿಲ್ಲಿಸೋಣ ಧಣಿ ಎಂದು ನಾನೂ ಬಾಯಿ ಬಿಡಲಿಲ್ಲ, ಕೆಲಸ ಹೋದೀತೆಂಬ ಹೆದರಿಕೆ. ಅವಳ ಹೆಸರಿಗೆ ಮಾತ್ರ ಮತ್ತೆಂದೂ ಬುಕ್ ಮಾಡಲಿಲ್ಲ. ನನ್ನಿಂದ ಆದದ್ದು ಅಷ್ಟೇ. ಹೇಳಲು ನಾಚಿಕೆಯಾಗುತ್ತದೆ.

೧ (ಮತ್ತೆ)
ಫೋನ್ ರಿಂಗಾಯಿತು. ಝೀಟಾ ಎತ್ತಿದಳು.

"ಝೀಟಾ ಇದ್ದಾರಾ?"

ಈ ಸಲ ಅವಳು ರಿಸೀವರನ್ನು ಅಂಗೈಯಲ್ಲಿ ಮುಚ್ಚಿ ನನ್ನನ್ನೇ ನೋಡುತ್ತಾಳೆ. "ನೀವೇ ಹೇಳಿ ಕರುಣಾಕರಣ್ಣ. ನಾನು ಇದ್ದೇನಾ, ಇಲ್ವಾ?"

ಇದ್ದೇನೆ ಎಂದು ಬರೆದರೆ ಹನ್ನೊಂದೂವರೆಯ ಬಸ್ಸು ಸಿಗುತ್ತದೆ. ಆದರೆ ಅದು ಸುಳ್ಳು, ಅವಳೇ ಗೀಟು ಹೊಡೆದು ಹಾಕುತ್ತಾಳೆ. ಇಲ್ಲ ಎಂದು ಇನ್ನೊಮ್ಮೆ ಬರೆಯಲು ನನಗೆ ಕೈ ಏಳುವುದಿಲ್ಲ.

ಲೈನ್ ಕಟ್ ಮಾಡಬೇಡಿ ಎಂದು ಆಪರೇಟರಿಗೆ ಹೇಳಿದ್ದೇನೆ. ಕಾಪುವಿನಲ್ಲಿ ಆಂಟನಿ ರಿಸೀವರ್ ಹಿಡಿದು ನಿಂತಿದ್ದಾನೆ. ತಾಯಿ ಇನ್ನೂ ಉಸಿರಾಡುತ್ತಿದ್ದಾರೆ