ಹಬೆ ಹೊರಗೆ ಹೋದ ದಿನ

ಮದುವೆಯಾಗಿ ಬಂದಾಗಿನಿಂದ ಆ ಪಾಕದ ಮನೆಯ ತಗಡಿನ ಮಾಡು ಬ್ಲಾಂಡೀನಳ ತಲೆಯ ಮೇಲೆ ಸುರಿಯುತ್ತಲೇ ಇತ್ತು. ಮಾರ್ಚ್ ತಿಂಗಳ ಚಳಿಗೆ ತಗಡು ಕೊರೆಯುತ್ತಿರುತ್ತದೆ, ಕೆಳಗೆ ಮೇಪಲ್ ಮರದ ಸಿಹಿ ರಸ ಪಾಕವಾಗಲು ಕೊತಕೊತ ಕುದಿಯುತ್ತಿರುತ್ತದೆ. ಮೇಲೇರಿದ ಹಬೆ ತಗಡಿಗೆ ತಾಗಿ ನೀರಾಗಿ, ಮಸಿಯನ್ನೂ ಹೊತ್ತುಕೊಂಡು ಟಪಟಪನೆ ಬಾಣಲೆಗೇ ಬೀಳುವುದು. ಅಷ್ಟು ಸೌದೆ ಸುಟ್ಟು ಓಡಿಸಿದ ನೀರು ವಾಪಸು ಬಂದರೆ ಯಾರಿಗೆ ತಾನೆ ಸಿಟ್ಟು ಬರುವುದಿಲ್ಲ? ಹೋದ ವರ್ಷ ಅದೇ ನೀರಿನಲ್ಲಿ ಕಾಲು ಜಾರಿ ಗಂಡ ಒವೀದ್ ಬಿದ್ದ. ಅಷ್ಟರಲ್ಲಾಗಲೇ ಅವನಿಗೆ ಕಣ್ಣು ಬೇರೆ ಪೂರ್ತಿ ಹೋಗಿತ್ತು. ಸಾಕಪ್ಪಾ ಸಾಕು ಎಂದು ಅವಳು ಈ ಸಲ ಬಾಣಲೆಗಳ ಮೇಲೆ ತಗಡಿನ ದೊಡ್ಡ ದೊಡ್ಡ ಮುಚ್ಚಳ ಕೂರಿಸಿದಳು. ಹಬೆಯೆಲ್ಲ ಕೊಳವೆ ಹಿಡಿದು ಮಾಡಿನಾಚೆ ಹೋಗುತ್ತಿತ್ತು.

"ನೋಡಿದ್ರಾ? ಒಂದೇ ಒಂದು ಹನಿ ಬಿದ್ದಿಲ್ಲ!" ಎಂದಳು ಮೊದಲ ದಿನ.

"ನೋಡೋಕೆ ಊರಲ್ಲಿ ನಾನೇ ಸಿಕ್ಕಿದ್ನಾ ನಿಂಗೆ?" ಎಂದು ಒವೀದ್ ನಕ್ಕ.

ಕಣ್ಣು ಹೋದ ಮೇಲೆ ಅವನಿಗೆ ಉಳಿದದ್ದು ಒಂದೇ ಕೆಲಸ. ಒಲೆಯ ಪಕ್ಕ ಕುರ್ಚಿ ಹಾಕಿಕೊಂಡು, ಹಬೆಯ ವಾಸನೆ ಹಿಡಿದು, ಪಾಕ ಹದಕ್ಕೆ ಬಂತು ಎಂದು ಹೇಳುವುದು. ಅವನು "ಈಗ" ಅಂದರೆ ಅವಳು ಬಾಣಲೆಯ ನಲ್ಲಿ ತಿರುಗಿಸಿ ಪಾಕ ಇಳಿಸುವಳು.

"ಆಯ್ತೇನ್ರೀ?" ಎಂದು ಅವತ್ತೂ ಕೇಳಿದಳು.

"ಎಲ್ಲಿ? ಇನ್ನೂ ನೀರು ನೀರಾಗಿದೆ."

ಅವಳು ಸೌಟು ಎತ್ತಿ ನೋಡಿದಳು. ಸೌಟಿನ ಅಂಚಿನಲ್ಲಿ ಪಾಕ ಆಗಲೇ ಹದಕ್ಕೆ ಬಂದು, ಹನಿಯಾಗದೆ ತೆರೆಯಂತೆ ಇಳಿಯುತ್ತಿತ್ತು. ಇನ್ನೊಂದು ಗಳಿಗೆ ಬಿಟ್ಟರೆ ತಳ ಹಿಡಿಯುವುದು ಖಂಡಿತ. ಸದ್ದಿಲ್ಲದೆ ನಲ್ಲಿ ತಿರುಗಿಸಿದಳು. ಆದರೆ ಕುರುಡನ ಕಿವಿಗೆ ಮೋಸ ಮಾಡಲಾದೀತೇ? ಪಾಕ ಮಂದವಾಗಿ ಬೀಳುವ ಸದ್ದು ಅವನಿಗೆ ಕೇಳಿಯೇ ಕೇಳಿತು.

"ಮೂಗೂ ಹೋಯ್ತು ಅನ್ನು," ಎಂದ. "ನಾಳೆಯಿಂದ ನಾನು ಮನೇಲೇ ಇರ್ತೀನಿ ಕಣೇ. ನಿನ್ನ ಕಾಲಿಗೆ ಅಡ್ಡ ಯಾಕೆ?"

ಬ್ಲಾಂಡೀನಳಿಗೆ ಅಳು ಬಂತು, ಅಳುವಿಗಿಂತ ಹೆಚ್ಚಾಗಿ ತನ್ನ ಮೇಲೇ ಸಿಟ್ಟು ಬಂತು. ಅವನ ಮೂಗಿಗೇನಾಗಿತ್ತು, ಹಬೆಯನ್ನೇ ತಾನು ಹೊರಗೆ ಅಟ್ಟಿರುವಾಗ! ಪಾಕ ಹದಕ್ಕೆ ಬರುವ ಕೊನೆಯ ಬಾಣಲೆಯ ಮೇಲಿನ ಮುಚ್ಚಳವನ್ನು ಎತ್ತಿ ಗೋಡೆಗೆ ಒರಗಿಸಿದಳು. ಅವನ ಕಾಲಡಿಗೆ ಒಣ ಗೋಣಿತಾಟು ಹಾಸಿದಳು. ಹಬೆ ಭುಸ್ಸೆಂದು ಎದ್ದು ಮನೆ ತುಂಬಿತು, ಮಾಡು ಮತ್ತೆ ತೊಟ್ಟಿಕ್ಕತೊಡಗಿತು.

"ಏನೇ ಮಾಡ್ತಿದೀಯಾ?"

"ಸುಮ್ನೆ ಕೂತ್ಕೊಳ್ಳಿ."

ಮುಂದಿನ ಪಾಕ ಹದಕ್ಕೆ ಬರುವ ಹೊತ್ತಿಗೆ ಅವಳ ಕನ್ನಡಕ ಮಂಜಾಯಿತು. ಒರೆಸಿದಳು, ಮತ್ತೆ ಮಂಜಾಯಿತು. ಕೈಯಲ್ಲಿನ ಸೌಟೂ ಕಾಣಲಿಲ್ಲ.

"ರೀ, ನಂಗೇನೂ ಕಾಣ್ತಿಲ್ಲ."

"ನನ್ನ ಸಮಾಧಾನಕ್ಕೆ ನಾಟಕ ಆಡ್ಬೇಡ."

"ಸಂತ ಅನ್ನಮ್ಮನಾಣೆ, ನಿಜವಾಗ್ಲೂ ಕಾಣ್ತಿಲ್ಲ! ಸೀದು ಹೋಗತ್ತೆ, ಹೇಳ್ರೀ!"

ಅವಳ ದನಿಯಲ್ಲಿದ್ದ ಗಾಬರಿ ಸುಳ್ಳಲ್ಲ ಎಂದು ಅವನಿಗೆ ತಿಳಿಯಿತು. ಬೆನ್ನು ನೆಟ್ಟಗೆ ಮಾಡಿ, ಮುಖ ಎತ್ತಿ ಉಸಿರೆಳೆದುಕೊಂಡ. ಅವಳು ನಲ್ಲಿ ಹಿಡಿದು ಕಾದಳು.

"ಇರು... ಇರೇ... ಈಗ! ತೆಗಿ!"

ತಿರುಗಿಸಿದಳು. ಒಂದು ಬಟ್ಟಲು ತುಂಬಿ ಅವನ ಕೈಗಿತ್ತಳು. ಅವನು ಊದಿ ಊದಿ ರುಚಿ ನೋಡಿದ. ಅವಳು ಅವನ ಹೆಗಲಿಗೆ ಕೆನ್ನೆ ಒತ್ತಿ ನಿಂತಳು.

"ನಾಳೆ ಬೇಗ ಹೊರಡ್ಬೇಕು, ತಿಳೀತಾ?" ಎಂದ ಒವೀದ್. "ನಿಂದು ಯಾವಾಗಲೂ ತಡ."